ಹಸಿ ಸೌದೆ, ಹೊಗೆಯ ಬಚ್ಚಲು: ಹೊಸನಗರ ಸೀಮೆಯ ಒಂದು ಮನೆಯ ಪ್ರಕರಣ ಅಧ್ಯಯನ

ಮನೆ ಮತ್ತು ದೂರು

ಹೊಸನಗರ ತಾಲ್ಲೂಕಿನಲ್ಲಿ, ನಗರವೆಂಬ ಊರಿನಿಂದ ಹುಲಿಕಲ್ ಘಾಟಿಯ ಕಡೆಗೆ ಹೋಗುವ ದಾರಿಯ ಒಳಗಿನ ಹಳ್ಳಿಯೊಂದರಲ್ಲಿ ಈ ಮನೆಯಿದೆ. ಯಜಮಾನರಾದ ಗೌಡರು, ಅವರ ಪತ್ನಿ, ಮಗ, ಸೊಸೆ, ಇಬ್ಬರು ಮಕ್ಕಳು ಸೇರಿ ಆರು ಜನರ ಸಂಸಾರ. ಮನೆಯ ಕೆಳಗೆ ಅಡಿಕೆ ತೋಟ, ತೋಟಕ್ಕೆ ಹೊಂದಿಕೊಂಡು ಸೊಪ್ಪಿನ ಬೆಟ್ಟ, ಮೇಲ್ಭಾಗದಲ್ಲಿ ಅಕೇಶಿಯಾ ಬೆಳೆದು ನಿಂತ ಸ್ವಂತ ಬ್ಯಾಣ (ಹುಲ್ಲುಗಾವಲಿನ ಜಾಗ). ಅಡುಗೆಗೆ ಗ್ಯಾಸ್ ಬಂದು ಬಹಳ ಕಾಲವಾಗಿದ್ದರೂ ಸ್ನಾನದ ನೀರು ಮಾತ್ರ ಇಂದಿಗೂ ಬಚ್ಚಲುಮನೆಯ ತಾಮ್ರದ ಹಂಡೆಯಲ್ಲಿ, ಸೌದೆಯ ಉರಿಯಲ್ಲೇ ಕಾಯುತ್ತದೆ.

ಇದನ್ನು ಬಿಡಲಾಗದ ಹಳೆಯ ರೂಢಿಯೆಂದು ತಿಳಿಯುವುದು ತಪ್ಪಾಗುತ್ತದೆ. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ಮೀರುತ್ತದೆ. ಹುಲಿಕಲ್ ಸುತ್ತಲಿನ ಮಳೆಯೂ ಅದಕ್ಕೆ ಸರಿಗಟ್ಟುವಂಥದ್ದು. ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್‌ವರೆಗೆ ಇಂಥ ಊರಿನಲ್ಲಿ ಸೌರ ಹೀಟರ್ ಹೆಸರಿಗಷ್ಟೇ ಮಾಡಿನ ಮೇಲಿರುತ್ತದೆ. ತಂತಿಯ ಮೇಲೆ ಮರ ಬಿದ್ದರೆ ಗೀಸರ್‌ಗೆ ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ. ಅಲ್ಲದೆ ಮಲೆನಾಡಿನ ಬಚ್ಚಲೊಲೆ ನೀರು ಕಾಯಿಸುವುದಕ್ಕೆ ಮಾತ್ರ ಇರುವುದಲ್ಲ. ತೋಟದಿಂದ ನೆನೆದು ಬಂದವರು ಚಳಿ ಕಾಯಿಸುವುದು ಅದರ ಮುಂದೆ. ಕಂಬಳಿ, ಮಕ್ಕಳ ಶಾಲೆಯ ಬಟ್ಟೆ ಒಣಗುವುದು ಅದರ ಮೇಲಿನ ಗಳುವಿನಲ್ಲಿ. ಮಳೆಗಾಲದ ನಾಲ್ಕು ತಿಂಗಳು ಇಡೀ ಮನೆಗೆ ಬೆಚ್ಚನೆಯ ಜಾಗವೆಂದರೆ ಅದೊಂದೇ.

ಒಲೆ ಹಾಕುವುದು ನನ್ನ ಕೆಲಸ. ಹಳೆಯ ಒಲೆಗಳನ್ನು ಒಡೆದು ಹೊಗೆಕೊಳವೆಯ ಒಲೆ ಕಟ್ಟಿಕೊಡುತ್ತೇನೆ. ಆ ಮನೆಯವರು ನನ್ನನ್ನು ಕರೆಸಿದ್ದು ಪುನರ್ವಸು ಮಳೆ ಹೊಡೆಯುತ್ತಿದ್ದ ದಿನಗಳಲ್ಲಿ, ಒಲೆಯನ್ನು ಕಿತ್ತು ಹೊಸದಾಗಿ ಹಾಕಿಕೊಡಬೇಕೆಂದು. ಉರಿ ಹತ್ತುವುದಿಲ್ಲ, ಹತ್ತಿದರೂ ನಿಲ್ಲುವುದಿಲ್ಲ, ಬಚ್ಚಲಿನ ಹೊಗೆ ಜಗಲಿಯವರೆಗೂ ತುಂಬುತ್ತದೆ ಎಂಬುದು ದೂರು. ಹಿರಿಯಮ್ಮನಿಗೆ ಜುಲೈ ಬಂತೆಂದರೆ ಕೆಮ್ಮು ಬಿಡುತ್ತಿರಲಿಲ್ಲ. ಬೆಳಗ್ಗೆ ಐದಕ್ಕೆ ಒಲೆ ಹಚ್ಚಲು ಕುಳಿತ ಸೊಸೆಗೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ನೀರು ಬಿಸಿಯಾದರೆ ಅದೇ ಪುಣ್ಯ. ಹಿಂದಿನ ವರ್ಷ ಪೇಟೆಯ ಅಂಗಡಿಯೊಂದರವರ ಸಲಹೆಯಂತೆ ಹೊಗೆಕೊಳವೆಯನ್ನು ನಾಲ್ಕು ಅಡಿ ಎತ್ತರಿಸಿ ಹೊಸ ಟೋಪಿ ಕೂರಿಸಿದ್ದರು. ಅದರಿಂದ ಹಣ ಖರ್ಚಾಯಿತೇ ಹೊರತು ಹೊಗೆ ಕಡಿಮೆಯಾಗಲಿಲ್ಲ.

ಒಲೆಯ ತಪಾಸಣೆ

ಒಲೆಯನ್ನು ನೋಡಿದಾಗ ದೊಡ್ಡ ದೋಷವೇನೂ ಕಾಣಲಿಲ್ಲ. ಹಂಡೆಯ ತಳಕ್ಕೂ ಒಲೆಯ ನೆಲಕ್ಕೂ ಇರಬೇಕಾದ ಅಂತರವಿತ್ತು, ಸುತ್ತಲಿನ ಮಣ್ಣಿನ ಗೋಡೆ ಬಿರುಕು ಬಿಟ್ಟಿರಲಿಲ್ಲ, ಕೊಳವೆಯ ಬುಡದಲ್ಲಿ ಒಂದು ಕಾಗದ ಹೊತ್ತಿಸಿ ಹಿಡಿದರೆ ಜ್ವಾಲೆ ಸರಿಯಾಗಿಯೇ ಮೇಲಕ್ಕೆ ಎಳೆಯುತ್ತಿತ್ತು. ಆದರೆ ಕೊಳವೆಯ ಒಳಮೈಯಲ್ಲಿ ಬೆರಳಾಡಿಸಿದಾಗ ಸಿಕ್ಕಿದ್ದು ಒಣ ಮಸಿಯಲ್ಲ, ಡಾಂಬರಿನಂತೆ ಅಂಟುವ ಕರಿಯ ಜಿಗುಟು. ಕೊಳವೆಯ ಕೀಲಿನಿಂದ ಕಂದುಬಣ್ಣದ ನೀರು ಗೋಡೆಯ ಮೇಲೆ ಇಳಿದ ಗೆರೆಯೂ ಇತ್ತು. ಒಲೆಗಿಂತ ಸೌದೆಯ ಕಡೆಗೆ ನೋಡಬೇಕೆಂದು ಅನ್ನಿಸಿದ್ದು ಇದರಿಂದ. ಚೆನ್ನಾಗಿ ಒಣಗಿದ ಸೌದೆ ಉರಿದ ಕೊಳವೆಯಲ್ಲಿ ಮಸಿ ಪುಡಿಪುಡಿಯಾಗಿರುತ್ತದೆ. ಉರಿಯದೆ ಉಳಿದ ಹೊಗೆ ತಣ್ಣನೆಯ ತಗಡಿಗೆ ತಾಗಿ ಇಬ್ಬನಿಗಟ್ಟಿದಾಗ ಮಾತ್ರ ಇಂಥ ಜಿಗುಟು ಸೇರುತ್ತದೆ. ಕೊಳವೆಯನ್ನು ಎತ್ತರಿಸಿದ್ದರಿಂದ ಹೊಗೆ ತಣಿಯುವ ದಾರಿ ಇನ್ನೂ ಉದ್ದವಾಗಿ ಜಿಗುಟು ಹೆಚ್ಚಿತ್ತು.

ಒಲೆಯಲ್ಲಿ ಉರಿಯುತ್ತಿದ್ದದ್ದು ಅಕೇಶಿಯಾದ ಕುಂಟೆಗಳು, ಸೀಳದೆ ಇಟ್ಟ ತೊಡೆಗಾತ್ರದ ದುಂಡು ಸೌದೆ, ಮೂರು ಅಡಿ ಉದ್ದದವು. ಒಂದು ತುದಿ ಒಲೆಯಲ್ಲಿ, ಉಳಿದ ಎರಡು ಅಡಿ ಬಾಯಿಯ ಹೊರಗೆ ನೆಲದ ಮೇಲೆ. ಒಳಗಿನ ತುದಿಗೆ ಬೆಂಕಿ ತಾಗಿದ ಸ್ವಲ್ಪ ಹೊತ್ತಿನಲ್ಲಿ ಹೊರಗಿನ ತುದಿಯ ಮರದ ಕಣ್ಣುಗಳಲ್ಲಿ ಸಣ್ಣ ಗುಳ್ಳೆಗಳು ಮೂಡಿ, ಸುಂಯ್ ಎಂಬ ಸದ್ದಿನೊಂದಿಗೆ ನೊರೆ ಉಕ್ಕಿ, ಆಮೇಲೆ ಹಳದಿ ನೀರಾಗಿ ನೆಲಕ್ಕೆ ತೊಟ್ಟಿಕ್ಕತೊಡಗಿತು. ನಿಂತ ಮರದಲ್ಲಿ ಬೇರಿನಿಂದ ನೀರನ್ನು ಮೇಲಕ್ಕೊಯ್ಯುವ ನಾಳಗಳೇ ಇವು. ಒಳತುದಿಯಲ್ಲಿ ಆವಿಯಾದ ನೀರು ಅದೇ ನಾಳದ ಮೂಲಕ ಹೊರತುದಿಗೆ ನುಗ್ಗುತ್ತದೆ. ಸೊಸೆ ಆ ನೊರೆಯನ್ನು ತೋರಿಸಿ, "ದಿನಾ ಹೀಗೇ ಅಣ್ಣ, ಊದಿ ಊದಿ ಎದೆ ನೋವು ಬರುತ್ತೆ, ಸೀಮೆಎಣ್ಣೆ ಸುರಿದ್ರೂ ಹತ್ತಲ್ಲ" ಎಂದರು. ಸೌದೆ ಹಸಿಯಿರಬಹುದೇ ಎಂದು ಕೇಳಿದ್ದಕ್ಕೆ ಗೌಡರು ಒಪ್ಪಲಿಲ್ಲ. ಕಡಿದದ್ದು ಏಪ್ರಿಲ್‌ನಲ್ಲಿ, ಮೇ ತಿಂಗಳಿಡೀ ಬಿಸಿಲಿನಲ್ಲಿ ಬಿದ್ದಿತ್ತು, ತುದಿಗಳು ಬಿರಿದಿವೆ ನೋಡಿ ಎಂದು ಅವರ ವಾದ. ತುದಿಗಳು ಬಿರಿದಿದ್ದವೆಂಬುದು ನಿಜ.

ಸೌದೆಯೊಳಗಿನ ನೀರು

ವಾದದಿಂದ ತೀರುವ ವಿಷಯ ಇದಲ್ಲವಾದ್ದರಿಂದ ತೂಗಿ ನೋಡಿದೆವು. ಒಂದು ಕುಂಟೆಯನ್ನು ನಡುವಿಗೆ ಕೊಯ್ದು, ತುದಿಯ ಭಾಗ ಬಿಟ್ಟು, ಮಧ್ಯದಿಂದ ತೆಗೆದ ಚಕ್ಕೆಗಳನ್ನು ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸರಿಯಾಗಿ ಒಂದು ಕಿಲೋ ತೂಗಿದೆವು. ಅವುಗಳನ್ನು ತೆಳ್ಳಗೆ ಸಿಗಿದು, ಕೆಂಡದ ಮೇಲಿಟ್ಟ ತಗಡಿನಲ್ಲಿ ಸುಡದಂತೆ ಜೋಪಾನವಾಗಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದಾಗ ಉಳಿದದ್ದು 640 ಗ್ರಾಂ. ಅಂದರೆ ಆ ಸೌದೆಯ ತೂಕದಲ್ಲಿ ಶೇಕಡ 36ರಷ್ಟು ಬರೀ ನೀರು. ಹೊಸದಾಗಿ ಕಡಿದ ಮರದಲ್ಲಿ ಅರ್ಧದ ಆಸುಪಾಸು ನೀರಿರುತ್ತದೆ ಎಂಬುದನ್ನು ನೆನೆದರೆ, ಬೇಸಗೆಯ ಬಿಸಿಲೆಲ್ಲ ಆ ಕುಂಟೆಯ ಹೊರಮೈಗಷ್ಟೇ ತಾಗಿ ಹೋಗಿತ್ತೆಂದು ಅರ್ಥ.

ಈ ನೀರು ಮಾಡುವ ನಷ್ಟವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಆ ಮನೆಯ ಹಂಡೆ 80 ಲೀಟರಿನದು. ಅಷ್ಟು ನೀರನ್ನು 25 ಡಿಗ್ರಿ ಏರಿಸಲು ಸುಮಾರು 8.4 ಮೆಗಾಜೂಲ್ ಶಾಖ ಬೇಕು. ಒಂದು ಹಂಡೆ ಕಾಯಿಸಲು ಅವರು ಉರಿಸುತ್ತಿದ್ದದ್ದು ಒಂಬತ್ತು ಕಿಲೋದಷ್ಟು ಸೌದೆ. ಅದರೊಳಗಿದ್ದ ನೀರು ಮೂರೂಕಾಲು ಕಿಲೋ. ಒಂದು ಕಿಲೋ ನೀರನ್ನು ಮನೆಯ ತಾಪಮಾನದಿಂದ ಕುದಿಸಿ ಆವಿ ಮಾಡಲು 2.6 ಮೆಗಾಜೂಲ್ ಬೇಕಾಗುವುದರಿಂದ, ಸೌದೆಯೊಳಗಿನ ನೀರನ್ನು ಹೊರಗಟ್ಟುವುದಕ್ಕೇ ಒಂದು ಹಂಡೆ ನೀರು ಕಾಯಿಸುವಷ್ಟು ಶಾಖ ವ್ಯಯವಾಗುತ್ತಿತ್ತು.

ಆದರೂ ದೊಡ್ಡ ನಷ್ಟ ಇದಲ್ಲ. ಪೂರ್ತಿ ಒಣಗಿದ ಮರದ ಒಂದು ಕಿಲೋದಲ್ಲಿ 18 ಮೆಗಾಜೂಲ್‌ನಷ್ಟು ಶಾಖವಿರುವುದರಿಂದ, ಆವಿಗೆ ಹೋದದ್ದು ಒಟ್ಟು ಶಾಖದ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ನಿಜವಾದ ಕೇಡು ಉರಿಯ ಸ್ವಭಾವಕ್ಕೆ ಆಗುವಂಥದ್ದು. ಮರ ನೇರವಾಗಿ ಉರಿಯುವುದಿಲ್ಲ. 200 ರಿಂದ 300 ಡಿಗ್ರಿಯ ಕಾವಿಗೆ ಅದರಿಂದ ಅನಿಲಗಳು ಹೊರಟು, ಆ ಅನಿಲಗಳು ಇನ್ನೂ ಹೆಚ್ಚಿನ ಕಾವಿನಲ್ಲಿ ಹೊತ್ತಿಕೊಂಡಾಗ ಜ್ವಾಲೆಯಾಗುತ್ತದೆ. ನೀರಿರುವವರೆಗೆ ಮರದ ಆ ಭಾಗ 100 ಡಿಗ್ರಿಯ ಬಳಿಯಲ್ಲೇ ನಿಂತಿರುತ್ತದೆ, ಹೊರಡುವ ಆವಿ ಸುತ್ತಲಿನ ಬೆಂಕಿಯನ್ನೂ ತಣಿಸುತ್ತದೆ. ಆಗ ಅನಿಲಗಳು ಹೊರಟರೂ ಹೊತ್ತಿಕೊಳ್ಳುವಷ್ಟು ಕಾವು ಒಲೆಯಲ್ಲಿರುವುದಿಲ್ಲ. ಉರಿಯಬೇಕಾದ ಅನಿಲವೇ ಹೊಗೆಯಾಗಿ ಹಿರಿಯಮ್ಮನ ಎದೆಗೂ ಮಾಡಿನ ಇಲ್ಲಣಕ್ಕೂ ಕೊಳವೆಯ ಜಿಗುಟಿಗೂ ಸೇರುತ್ತದೆ. ಬಚ್ಚಲಿನ ಹೊಗೆಯನ್ನು ಕಣ್ಣುರಿಯ ತೊಂದರೆಯೆಂದಷ್ಟೇ ನೋಡುವವರಿಗೆ ನಾನು ಹೇಳುವುದಿಷ್ಟೆ: ಆ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ, ಮಳೆಗೆ ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ.

ತುದಿಯ ಬಿರುಕುಗಳನ್ನು ನಂಬಿ ಗೌಡರು ಮೋಸಹೋದದ್ದಕ್ಕೂ ಕಾರಣವಿದೆ. ಮರದೊಳಗಿನ ನೀರು ನಾಳದ ಉದ್ದಕ್ಕೆ ಸಾಗುವಷ್ಟು ಬೇಗ ಅಡ್ಡಕ್ಕೆ ಸಾಗುವುದಿಲ್ಲ. ಎರಡರ ನಡುವೆ ಹತ್ತು ಪಟ್ಟಿಗೂ ಮೀರಿದ ವ್ಯತ್ಯಾಸವಿದೆ. ಆದ್ದರಿಂದ ಕೊಯ್ದ ತುದಿಗಳು ಮೊದಲು ಒಣಗಿ ಬಿರಿಯುತ್ತವೆ, ಒಂದು ಗೇಣು ಒಳಗೆ ಮರ ಹಸಿಯಾಗಿಯೇ ಇರುತ್ತದೆ. ಬದಿಯಿಂದ ನೀರು ಹೋಗಬೇಕೆಂದರೆ ತೊಗಟೆ ಅಡ್ಡ ನಿಲ್ಲುತ್ತದೆ, ಏಕೆಂದರೆ ನೀರು ಆರದಂತೆ ಮರವನ್ನು ಕಾಯುವುದೇ ತೊಗಟೆಯ ಕೆಲಸ. ಸೀಳುವುದರಿಂದ ಈ ಎರಡು ತೊಡಕೂ ಒಟ್ಟಿಗೆ ಬಗೆಹರಿಯುತ್ತವೆ: ತೊಗಟೆಯಿಲ್ಲದ ಮೈ ಗಾಳಿಗೆ ತೆರೆದುಕೊಳ್ಳುತ್ತದೆ, ಅಡ್ಡದಾರಿ ಚಿಕ್ಕದಾಗುತ್ತದೆ. ದಪ್ಪ ಇಮ್ಮಡಿಯಾದರೆ ಒಣಗುವ ಕಾಲ ಸುಮಾರು ನಾಲ್ಮಡಿಯಾಗುತ್ತದೆಂಬುದು ಸ್ಥೂಲವಾದ ಲೆಕ್ಕ. ಮಣಿಕಟ್ಟಿನ ದಪ್ಪದ ಸೀಳು ಒಂದು ಬೇಸಗೆಯಲ್ಲಿ ಒಣಗಿದರೆ, ತೊಡೆಗಾತ್ರದ ದುಂಡು ಕುಂಟೆ ಅದೇ ಬೇಸಗೆಯಲ್ಲಿ ಒಣಗುವ ಮಾತೇ ಇಲ್ಲ.

ಕೆಲಸದ ಪಂಚಾಂಗ

ಇಷ್ಟು ತಿಳಿದ ಮೇಲೆ, ಸೌದೆಯ ಅನುಭವ ತಲೆತಲಾಂತರದಿಂದ ಇರುವ ಮನೆಯಲ್ಲಿ ಹೀಗೇಕೆ ಆಯಿತೆಂಬ ಪ್ರಶ್ನೆ ಉಳಿಯುತ್ತದೆ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ.

ಗೌಡರ ತಂದೆಯ ಕಾಲದಲ್ಲಿ ಮನೆಯ ಹಿಂದೆ ಸೌದೆಗೆಂದೇ ಪ್ರತ್ಯೇಕ ಕೊಟ್ಟಿಗೆಯಿತ್ತು. ಒಂದು ವರ್ಷದ ಸೌದೆ ಅದರಲ್ಲಿ ಸದಾ ಮುಂಗಡ ಇರುತ್ತಿತ್ತು. ಈ ವರ್ಷ ಕಡಿದದ್ದನ್ನು ಬರುವ ವರ್ಷ ಉರಿಸುವ ಪದ್ಧತಿ. ಮನೆಯನ್ನು ಆರ್‌ಸಿಸಿಗೆ ಬದಲಾಯಿಸಿದಾಗ ಆ ಕೊಟ್ಟಿಗೆಯ ಜಾಗದಲ್ಲಿ ವಾಹನ ನಿಲ್ಲಿಸುವ ಶೆಡ್ ಬಂತು. ಸೌದೆಯನ್ನು ದನದ ಕೊಟ್ಟಿಗೆಯ ಮೂಲೆಗೆ ಸರಿಸಿದರು, ಹಿಡಿಯದೆ ಉಳಿದದ್ದಕ್ಕೆ ಅಂಗಳದ ಅಂಚಿನಲ್ಲಿ ನೀಲಿ ಟಾರ್ಪಾಲು ಹೊದಿಸಿದರು. ಜಾಗ ಕಿರಿದಾದ ಮೇಲೆ ಮುಂಗಡ ದಾಸ್ತಾನು ನಿಂತುಹೋಯಿತು.

ಇನ್ನೊಂದು ಬದಲಾವಣೆ ಆಳುಗಳದು. ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ ಅಕ್ಟೋಬರ್‌ನಿಂದ ಜನವರಿಯವರೆಗೆ, ಕೆಲವೊಮ್ಮೆ ಫೆಬ್ರುವರಿಗೂ ಎಳೆಯುತ್ತದೆ. ಆ ದಿನಗಳಲ್ಲಿ ಸೌದೆ ಕಡಿಯಲು ಜನ ಸಿಕ್ಕುವುದಿಲ್ಲ. ಹಾಗಾಗಿ ಕಡಿಯುವ ಕೆಲಸ ಪುಷ್ಯ, ಮಾಘ ಮಾಸಗಳಿಂದ ಜಾರಿ ಏಪ್ರಿಲ್‌ಗೆ ಬಂದು ನಿಂತಿತ್ತು. ಸೀಳುವುದನ್ನಂತೂ ಬೇಕಾದಾಗ ನೋಡಿಕೊಳ್ಳೋಣವೆಂದು ಬಿಟ್ಟಿದ್ದರು. ಬೇಕಾಗುವ ಹೊತ್ತಿಗೆ ಆರಿದ್ರಾ ಮಳೆ ಹಿಡಿದಿರುತ್ತಿತ್ತು. ಮಲೆನಾಡಿನಲ್ಲಿ ಸೌದೆ ಒಣಗಲು ನಿಸರ್ಗ ಕೊಟ್ಟಿರುವ ಕಾಲ ಡಿಸೆಂಬರ್ ಕೊನೆಯಿಂದ ರೋಹಿಣಿ ಮಳೆಯವರೆಗಿನ ಐದು ತಿಂಗಳು ಮಾತ್ರ. ಅದರಲ್ಲಿ ಮೂರೂವರೆ ತಿಂಗಳನ್ನು ಈ ಮನೆ ಮರ ಕಡಿಯುವ ಮೊದಲೇ ಕಳೆದುಕೊಳ್ಳುತ್ತಿತ್ತು.

ಮತ್ತೊಂದು ಮಾತನ್ನು ಹೇಳಲೇಬೇಕು. ಜನವರಿಯಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವವರು ಗಂಡಸರು. ಜುಲೈನಲ್ಲಿ ಒಲೆಯ ಮುಂದೆ ಕೂರುವವರು ಹೆಂಗಸರು. ಸೌದೆ ಹಸಿಯಾಗಿದೆ, ದುಂಡು ಕುಂಟೆ ಹತ್ತುವುದಿಲ್ಲ ಎಂದು ಸೊಸೆ ಪ್ರತಿ ಮಳೆಗಾಲದಲ್ಲೂ ಹೇಳಿದ್ದರು. ಮಳೆಗಾಲದಲ್ಲಿ ಹೇಳಿದ ಆ ಮಾತು ಕಡಿಯುವ ಹಂಗಾಮಿಗೆ ಯಾರಿಗೂ ನೆನಪಿರುತ್ತಿರಲಿಲ್ಲ. ನಾವು ತೂಕ ಮಾಡಿದ ದಿನ ಅವರು ಸುಮ್ಮನಿರದೆ, "ಮಾವ, ಈ ಸಲ ಶಿವರಾತ್ರಿ ಒಳಗೆ ಸೀಳಿಸಿ ಕೊಡಿ, ಒಟ್ಟೋದು ನಾನು ಅತ್ತೆ ನೋಡ್ಕೊಳ್ತೀವಿ" ಎಂದು ಎಲ್ಲರ ಎದುರು ಗಡುವು ಹಾಕಿದರು. ಮುಂದಿನ ಸುಧಾರಣೆಯೆಲ್ಲ ನಡೆದದ್ದು ಆ ಗಡುವಿನ ಬಲದಿಂದ.

ಆ ಮಳೆಗಾಲಕ್ಕೆ ಮಾಡಬಹುದಾದದ್ದು ಕಡಿಮೆಯಿತ್ತು. ಇದ್ದ ಕುಂಟೆಗಳನ್ನು ಒಂದೂವರೆ ಅಡಿಗೆ ಕೊಯ್ದು, ಸೀಳಿ, ಮೂರು ನಾಲ್ಕು ದಿನಕ್ಕಾಗುವಷ್ಟನ್ನು ಒಲೆಯ ಬದಿಯ ಬೆಚ್ಚನೆಯ ಗೋಡೆಗೆ ನಿಲ್ಲಿಸಿ, ತೆಂಗಿನ ಮಟ್ಟೆ, ಕರಟ, ಅಡಿಕೆ ಹಾಳೆಯೊಂದಿಗೆ ಬೆರೆಸಿ ಉರಿಸಿದರು. ಕಿಡಿ ಹಾರದಷ್ಟು ದೂರ ಇಡಬೇಕು, ರಾತ್ರಿ ಒಲೆಯ ಬಾಯಿಯಲ್ಲಿ ಸೌದೆ ತುರುಕಿ ಮಲಗಬಾರದು ಎಂಬ ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಿ ಬಂದೆ. ಕೊಳವೆಗೆ ಸೇರಿಸಿದ್ದ ನಾಲ್ಕು ಅಡಿಯನ್ನು ತೆಗೆದು ಒಳಗಿನ ಜಿಗುಟನ್ನು ಕೆರೆದು ಸ್ವಚ್ಛಮಾಡಿದೆವು; ಒಣಗಿದ ಜಿಗುಟು ಬೆಂಕಿ ಹಿಡಿದರೆ ಮಾಡಿಗೆ ಅಪಾಯವಿರುವುದರಿಂದ ಇದನ್ನು ಮುಂದೂಡುವಂತಿರಲಿಲ್ಲ.

ಕಡಿದದ್ದು, ಸೀಳಿದ್ದು, ಒಟ್ಟಿದ್ದು

ದೀಪಾವಳಿ ಕಳೆದ ಮೇಲೆ, ಅಡಿಕೆಯ ಆಳುಗಳನ್ನು ಮುಟ್ಟದೆ, ಮರ ಕೊಯ್ಯುವ ಮಷಿನ್ ಇರುವ ಒಬ್ಬರಿಗೆ ಕಡಿದು ತುಂಡು ಮಾಡುವ ಕೆಲಸವನ್ನು ಲೋಡಿನ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟರು. ದಿನಗೂಲಿಯಾದರೆ ಅಡಿಕೆಯ ಕೆಲಸದೊಂದಿಗೆ ಪೈಪೋಟಿ ಬರುತ್ತದೆ. ಗುತ್ತಿಗೆಯಾದ್ದರಿಂದ ಅವರು ಬಿಡುವಾದಾಗ ಬಂದು ಡಿಸೆಂಬರ್ ಒಳಗೆ ಮುಗಿಸಿದರು. ಸರಪಳಿ ಸುತ್ತುವ ಬಾರ್‌ನ ತುದಿ ಇನ್ನೊಂದು ಕೊಂಬೆಗೆ ತಾಗಿದರೆ ಮಷಿನ್ ಮುಖದ ಕಡೆಗೆ ಚಿಮ್ಮುತ್ತದೆ. ಹೆಲ್ಮೆಟ್, ಗಟ್ಟಿ ಬೂಟು ಇಲ್ಲದೆ ಹವಾಯಿ ಚಪ್ಪಲಿಯಲ್ಲಿ ಮರದ ಹತ್ತಿರ ನಿಲ್ಲುವವರನ್ನು ಕಂಡರೆ ಮನೆಯವರೇ ಕೆಲಸ ನಿಲ್ಲಿಸಬೇಕು.

ಕಡಿದದ್ದು ಸ್ವಂತ ಬ್ಯಾಣದ ಅಕೇಶಿಯಾ ಮಾತ್ರ. ಆಸ್ಟ್ರೇಲಿಯಾ, ನ್ಯೂಗಿನಿಯ ಕಡೆಯ ಈ ಮರದ ನೆಡುತೋಪುಗಳು ಶಿವಮೊಗ್ಗ ಜಿಲ್ಲೆಯ ಗುಡ್ಡಗಳಲ್ಲಿ ಹಬ್ಬಿರುವ ಬಗ್ಗೆ ನನಗೆ ಬೇರೆ ಆಕ್ಷೇಪಗಳಿವೆ, ಆದರೆ ಸೌದೆಯಾಗಿ ಅದು ಒಳ್ಳೆಯ ಜಾತಿ: ಗಟ್ಟಿ ಮರ, ಕೆಂಡ ನಿಲ್ಲುತ್ತದೆ, ಬೇಗ ಬೆಳೆಯುತ್ತದೆ. ಬೆಟ್ಟದ ಮತ್ತಿ, ನೇರಳೆ, ನಂದಿ ಮರಗಳನ್ನು ಮುಟ್ಟುವ ಅಗತ್ಯ ಬೀಳಲಿಲ್ಲ, ಬೀಳಲೂಬಾರದು. ಸೊಪ್ಪಿನ ಬೆಟ್ಟದಲ್ಲಿ ಬೆಳೆಗಾರರಿಗೆ ಇರುವುದು ತೋಟಕ್ಕೆ ಸೊಪ್ಪು, ದರಗು (ಉದುರಿದ ಒಣ ಎಲೆ) ತರುವಂಥ ಸವಲತ್ತೇ ಹೊರತು ಮರ ಉರುಳಿಸುವ ಹಕ್ಕಲ್ಲ. ಸ್ವಂತ ಜಮೀನಿನಲ್ಲಿ ಕೂಡ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದ ಮರಗಳಿಗೆ ಅನುಮತಿ ಬೇಕು; ಕೊಡಲಿ ಎತ್ತುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಕಾಡುಗೇರಿನ ಜಾತಿಯ ಮರಗಳನ್ನಂತೂ ಸೌದೆಗೆ ತರಲೇಬಾರದು. ಅವುಗಳ ಸೊನೆ ತಾಗಿದರೆ ಮೈಯೆಲ್ಲ ಹುಣ್ಣೇಳುತ್ತದೆ.

ಕಡಿಯುವ ಕಾಲವನ್ನು ಹಿಂದಕ್ಕೆ ತಂದಾಗ ಒಂದು ಅಪಾಯವನ್ನೂ ಗಮನಿಸಬೇಕಾಯಿತು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ (ಉಣ್ಣೆಹುಳುಗಳಿಂದ) ಹರಡುತ್ತದೆ, ಅದರ ಹಂಗಾಮು ಸೌದೆಯ ಹಂಗಾಮೇ ಆದ ಡಿಸೆಂಬರ್‌ನಿಂದ ಮೇ ತಿಂಗಳು. ಹೊಸನಗರ, ಸಾಗರ, ತೀರ್ಥಹಳ್ಳಿಯ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಲಸಕ್ಕೆ ಹೋದವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ತುಂಬುತೋಳಿನ ಅಂಗಿ ಹಾಕಿ, ಸಂಜೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದುವ ಕ್ರಮವನ್ನು ಪಾಲಿಸಿದರು. ಉರುಳಿಸಿದ ಮರವನ್ನು ಸೊಪ್ಪಿನ ಸಹಿತ ಕೆಲವು ವಾರ ಬಿಟ್ಟರೆ ಎಲೆಗಳೇ ನೀರನ್ನು ಎಳೆದು ಮರ ಸ್ವಲ್ಪ ಬೇಗ ಒಣಗುತ್ತದೆಂಬುದು ನಿಜವಾದರೂ, ಉಣುಗಿನ ಭಯದಿಂದ ದರಗಿನ ರಾಶಿಯಲ್ಲಿ ಸೌದೆ ಬಿಡುವುದನ್ನು ನಾವು ಆರಿಸಿಕೊಳ್ಳಲಿಲ್ಲ.

ಎಲ್ಲ ತುಂಡುಗಳನ್ನೂ ಒಂದೂವರೆ ಅಡಿ ಉದ್ದಕ್ಕೆ ಕೊಯ್ಯಿಸಿದರು. ಈ ಅಳತೆ ಒಲೆಯ ಒಳ ಉದ್ದಕ್ಕೆ ಸರಿಹೊಂದುವಂಥದ್ದು. ಸೌದೆ ಪೂರ್ತಿ ಒಳಗೆ ಹೋದರೆ ಬಾಯಿಗೆ ತಗಡಿನ ಮುಚ್ಚಳ ಹಾಕಿ ಗಾಳಿಯನ್ನು ಹಿಡಿತದಲ್ಲಿಡಬಹುದು. ಉದ್ದನೆಯ ಕುಂಟೆಯಿದ್ದಾಗ ಬಾಯಿ ಸದಾ ತೆರೆದೇ ಇದ್ದು, ಉರಿಗೆ ಬೇಕಾದದ್ದಕ್ಕಿಂತ ಹೆಚ್ಚು ತಣ್ಣನೆಯ ಗಾಳಿ ನುಗ್ಗಿ ಕಾವನ್ನು ಕೊಳವೆಯ ಮೂಲಕ ಹೊತ್ತೊಯ್ಯುತ್ತಿತ್ತು. ಮೊಣಕೈಗಿಂತ ದಪ್ಪಗಿದ್ದವನ್ನೆಲ್ಲ ಸೀಳಿದರು. ಸೀಳುವುದು ಕೊಯ್ದ ಕೂಡಲೇ ಆದರೆ ಕಷ್ಟ ಕಡಿಮೆ, ಏಕೆಂದರೆ ಹಸಿ ಅಕೇಶಿಯಾ ಎಳೆ ಹಿಡಿದು ನೇರವಾಗಿ ಬಿಡುತ್ತದೆ. ಅರ್ಧ ಒಣಗಿದರೆ ಕೊಡಲಿಯನ್ನು ಕಚ್ಚಿಕೊಳ್ಳುತ್ತದೆ. ದೊಡ್ಡ ತುಂಡಿನ ನಡುವಿಗೆ ಹೊಡೆಯದೆ ಅಂಚಿನಿಂದ ಚಕ್ಕೆ ತೆಗೆಯುತ್ತ ಒಳಕ್ಕೆ ಬರಬೇಕು. ಗಿಣ್ಣು ಇರುವ ತುಂಡಿನಲ್ಲಿ ಗಿಣ್ಣನ್ನು ಕೆಳಮುಖವಾಗಿಟ್ಟು, ತುದಿಯ ಬಿರುಕಿನಲ್ಲಿ ಕಬ್ಬಿಣದ ಬೆಣೆ ಕೂರಿಸಿ ಸುತ್ತಿಗೆಯಿಂದ ಹೊಡೆಯಬೇಕು. ಹಾಗೂ ಬಿಡದ ಬೊಡ್ಡೆಗಳೊಂದಿಗೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಅವನ್ನು ಅಡಿಕೆ ಬೇಯಿಸುವ ದೊಡ್ಡ ಒಲೆಗೆ ಬೇರೆ ಇಟ್ಟರು. ಸೀಳದೆ ಬಿಟ್ಟ ಕೊಂಬೆಗಳ ಒಂದು ಬದಿಯ ತೊಗಟೆಯನ್ನು ಕತ್ತಿಯಲ್ಲಿ ಎಬ್ಬಿಸಿ ಬಿಟ್ಟರು, ಜಿಗ್ಗನ್ನು, ಅಂದರೆ ಸಣ್ಣ ಕಡ್ಡಿಗಳನ್ನು, ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿದರು.

ದನದ ಕೊಟ್ಟಿಗೆಯ ಮೂಲೆಯನ್ನು ಸೌದೆಗೆ ಬಳಸುವುದನ್ನು ಪೂರ್ತಿ ಬಿಡಿಸಿದೆ. ದನಗಳ ಉಸಿರು, ಗಂಜಲ, ತೊಳೆದ ನೆಲದ ತಂಡಿ ಇವೆಲ್ಲ ಸೇರಿ ಅಲ್ಲಿನ ಗಾಳಿ ಸದಾ ಒದ್ದೆ. ಕೆಳಗಿನ ಸಾಲಿನ ಸೌದೆ ಬೂಷ್ಟು ಹಿಡಿದು ಲಡ್ಡಾಗಿತ್ತು. ಲಡ್ಡಾದ ಸೌದೆ ಕೈಗೆ ಹಗುರವಾಗುವುದನ್ನು ಕಂಡು ಒಣಗಿತೆಂದು ತಿಳಿಯುವವರಿದ್ದಾರೆ. ಉರಿಯಬೇಕಾದ ಸತ್ವವನ್ನೇ ಬೂಷ್ಟು ತಿಂದು ಹಾಕಿರುತ್ತದೆ. ಟಾರ್ಪಾಲನ್ನು ನೆಲದವರೆಗೆ ಇಳಿಬಿಟ್ಟು ಕಲ್ಲು ಹೇರುವುದೂ ಇಷ್ಟೇ ಹಾನಿ ಮಾಡುತ್ತದೆ, ಏಕೆಂದರೆ ನೆಲದಿಂದಲೂ ಸೌದೆಯಿಂದಲೂ ಎದ್ದ ಆವಿ ಪ್ಲಾಸ್ಟಿಕ್ಕಿನ ಒಳಮೈಗೆ ಹನಿಯಾಗಿ ಕಟ್ಟಿ ರಾತ್ರಿ ಮತ್ತೆ ಸೌದೆಯ ಮೇಲೆಯೇ ಬೀಳುತ್ತದೆ.

ಹೊಸ ಸೌದೆ ಮಾಡನ್ನು ಮನೆಯ ಪೂರ್ವದ ಹಿತ್ತಲಿನಲ್ಲಿ ಕಟ್ಟಿದರು. ಮಳೆಗಾಲದ ಗಾಳಿ ಪಡುವಣ, ನೈಋತ್ಯದಿಂದ ಬೀಸುವುದರಿಂದ ಪಡುವಣ, ತೆಂಕಣ ಬದಿಗೆ ಎರಚಲು ತಡೆಯಲು ಅಡಿಕೆ ಸೋಗೆಯ ತಟ್ಟಿ, ಪೂರ್ವ ಮತ್ತು ಉತ್ತರ ಪೂರ್ತಿ ತೆರೆದದ್ದು, ಮೇಲೆ ಮುಂದಕ್ಕೆ ಎರಡು ಅಡಿ ಚಾಚಿದ ತಗಡು. ಗೆದ್ದಲಿಗೂ ನೆಲದ ತೇವಕ್ಕೂ ಸಿಗದಂತೆ ಜಂಬಿಟ್ಟಿಗೆ ಕಲ್ಲಿನ ಮೇಲೆ ಒಂದು ಅಡಿ ಎತ್ತರಕ್ಕೆ ಹಳೆಯ ಕಬ್ಬಿಣದ ಪೈಪು ಹಾಸಿದರು. ಸೌದೆಯನ್ನು ರಾಶಿ ಹಾಕದೆ, ಸೀಳಿದ ಮೈ ಗಾಳಿಗೆ ಸಿಕ್ಕುವಂತೆ ಸಾಲಾಗಿ ಒಟ್ಟಿ, ಸಾಲಿಗೂ ಸಾಲಿಗೂ ನಡುವೆ ಕೈ ತೂರುವಷ್ಟು ಸಂದು ಬಿಟ್ಟರು. ಒಟ್ಟುವ ಕೆಲಸವನ್ನು ಅತ್ತೆ ಸೊಸೆ ಇಬ್ಬರೇ ಮಾಡಿದರು, ಮಾತು ಕೊಟ್ಟಂತೆ. ಸೌದೆಗೆ ಕುಟ್ಟೆಹುಳು ಹಿಡಿಯಬಾರದೆಂದು ಕೃಷ್ಣಪಕ್ಷದಲ್ಲೇ ಕಡಿಸಬೇಕೆಂಬುದು ಹಿರಿಯಮ್ಮನ ಹಟವಾಗಿತ್ತು. ಬಿದಿರು ಕಡಿಯುವಾಗ ಮಲೆನಾಡಿನವರು ನೋಡುವ ಪದ್ಧತಿಯದು. ಕುಟ್ಟೆಹುಳುವಿಗೆ ಬೇಕಾದದ್ದು ಮರದ ಹೊರಪದರದಲ್ಲಿರುವ ಪಿಷ್ಟ. ಪಕ್ಷಕ್ಕೂ ಅದಕ್ಕೂ ಸಂಬಂಧವಿದೆಯೋ ಇಲ್ಲವೋ, ಕೆಲಸಕ್ಕೆ ಒಂದು ನಿಶ್ಚಿತ ದಿನ ಗೊತ್ತಾದದ್ದು ಉಪಕಾರವೇ ಆಯಿತು.

ಮರುವರ್ಷದ ಮಳೆಗಾಲ

ಮೇ ಕೊನೆಯಲ್ಲಿ ಸಾಲಿನ ನಡುವಿನಿಂದ ತೆಗೆದ ಸೀಳನ್ನು ಮೊದಲಿನ ಕ್ರಮದಲ್ಲೇ ಒಣಗಿಸಿ ತೂಗಿದಾಗ ಒಂದು ಕಿಲೋದಲ್ಲಿ 850 ಗ್ರಾಂ ಉಳಿಯಿತು, ಅಂದರೆ ನೀರು ಶೇಕಡ 15. ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದರೆ ಮಂದವಾದ ಸದ್ದಿನ ಬದಲು ಗಣಗಣಿಸುವ ಸದ್ದು ಬರುತ್ತಿತ್ತು. ಆಶ್ಲೇಷ ಮಳೆಯ ನಡುವೆ ಮತ್ತೆ ತೂಗಿದಾಗ ನೀರಿನ ಪಾಲು 18ಕ್ಕೆ ಏರಿತ್ತು. ಇದರಿಂದ ಗಾಬರಿಯಾಗಬೇಕಿಲ್ಲ. ಮರ ತನ್ನ ಸುತ್ತಲಿನ ಗಾಳಿಯೊಂದಿಗೆ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ ಶೇಕಡ 60ರಲ್ಲಿದ್ದರೆ ಮರದ ನೀರು ಒಟ್ಟು ತೂಕದ 10ರ ಆಸುಪಾಸಿನಲ್ಲೂ, 90ರಲ್ಲಿದ್ದರೆ 16, 17ರಲ್ಲೂ ನಿಲ್ಲುತ್ತದೆ. ಮಲೆನಾಡಿನ ಜುಲೈ, ಆಗಸ್ಟ್‌ನಲ್ಲಿ ಮಾಡಿನ ಕೆಳಗಿನ ಸೌದೆಗೆ ಇದಕ್ಕಿಂತ ಒಣಗಿರಲು ಸಾಧ್ಯವಿಲ್ಲ. ಆದ್ದರಿಂದ ಮೂರು ದಿನದ ಸೌದೆಯನ್ನು ಬಚ್ಚಲಿನ ಬೆಚ್ಚನೆಯ ಗೋಡೆಯ ಬಳಿ ಇಟ್ಟುಕೊಂಡು ಸರದಿಯಲ್ಲಿ ಉರಿಸುವ ಕ್ರಮವನ್ನು ಈಗಲೂ ಬಿಟ್ಟಿಲ್ಲ.

ಒಂದು ಹಂಡೆ ಕಾಯಿಸಲು ಬೇಕಾಗುವ ಸೌದೆ ಒಂಬತ್ತು ಕಿಲೋದಿಂದ ಐದೂವರೆಗೆ ಇಳಿಯಿತು. ಒಲೆಯನ್ನು ನಾನು ಮುಟ್ಟಲೇ ಇಲ್ಲ, ಬಾಯಿಗೆ ತಗಡಿನ ಮುಚ್ಚಳವೊಂದನ್ನು ಮಾಡಿಸಿದ್ದು ಬಿಟ್ಟರೆ. ಕೊಳವೆಯಲ್ಲಿ ಈಗ ಸಿಗುವುದು ಒಣ ಮಸಿ. ಹಿರಿಯಮ್ಮನ ಕೆಮ್ಮು ಪೂರ್ತಿ ಹೋಗಿದೆಯೆಂದು ಹೇಳಲಾಗದು, ವಯಸ್ಸಿನ ಕಾರಣವೂ ಇರಬಹುದು. ಜಗಲಿಯಲ್ಲಿ ಕುಳಿತವರಿಗೆ ಹೊಗೆ ಬರುವುದಿಲ್ಲವೆಂಬುದಂತೂ ನಿಶ್ಚಯ. ಸೊಸೆ ಒಲೆ ಹಚ್ಚಲು ಏಳುವುದು ಐದರ ಬದಲು ಆರು ಗಂಟೆಗೆ. ಹಳೆಯ ಒಲೆಯನ್ನು ಬದಲಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ಮಾದರಿಯ ನೀರೊಲೆ ಹಾಕಿದರೆ ಸೌದೆ ಇನ್ನೂ ಉಳಿಯುತ್ತದೆ, ಮುಂದೆ ಹಾಕಿಕೊಡುವ ಮಾತೂ ಆಗಿದೆ. ಆದರೆ ಹಸಿ ಕುಂಟೆಯನ್ನೇ ತುರುಕುವುದಾದರೆ ಯಾವ ಮಾದರಿಯ ಒಲೆಯೂ ಹೊಗೆ ಕಾರುತ್ತದೆಂಬುದನ್ನು ಒಲೆ ಹಾಕುವವನಾಗಿಯೇ ಹೇಳುತ್ತಿದ್ದೇನೆ.

ಬಗೆಹರಿಯದೆ ಉಳಿದಿರುವುದು ಅಡಿಕೆ ಬೇಯಿಸುವ ಒಲೆಯ ಸೌದೆ. ನವೆಂಬರ್‌ನಲ್ಲಿ ಅದು ಒಮ್ಮೆಗೇ ಬೇಕಾಗುತ್ತದೆ, ಆ ಹೊತ್ತಿಗೆ ಮಳೆ ಬಿಟ್ಟು ವಾರಗಳಷ್ಟೇ ಆಗಿರುತ್ತವೆ, ಬಚ್ಚಲಿನ ದಾಸ್ತಾನಿಗೆ ಕೈಹಾಕುವ ಆಸೆ ಬರುತ್ತದೆ. ಮೊದಲ ವರ್ಷ ಹಾಗೆಯೇ ಆಗಿ ಚಳಿಗಾಲದಲ್ಲಿ ಒಂದು ಸಾಲು ಕಡಿಮೆಬಿತ್ತು. ಈಗ ಅದಕ್ಕೆ ಅಂಗಳದ ಇನ್ನೊಂದು ಬದಿಯಲ್ಲಿ ಬೇರೆ ಮಾಡು ಕಟ್ಟಿ, ಬೊಡ್ಡೆ, ಸತ್ತ ಅಡಿಕೆ ಮರದ ದಬ್ಬೆಗಳನ್ನು ಎರಡು ಬೇಸಗೆ ಒಣಗುವಂತೆ ಪೇರಿಸಿಟ್ಟಿದ್ದಾರೆ. ಅಡಿಕೆ ಒಲೆಗೆ ಅದು ಸಾಲುತ್ತದೆಯೋ ಇಲ್ಲವೋ ಎಂಬುದು ಬರುವ ಕೊಯ್ಲಿನಲ್ಲಿ ಗೊತ್ತಾಗಬೇಕು.